ಪುಟ ಕೇಳುವ ಜೆರಾಕ್ಸ್ ಅಂಗಡಿ

ಮೈಸೂರಿನ ಸರಸ್ವತಿಪುರಂನಲ್ಲಿ, ಕುಕ್ಕರಹಳ್ಳಿ ಕೆರೆ ಕಡೆಗೆ ಹೋಗುವ ಒಂದು ಅಡ್ಡರಸ್ತೆಯಲ್ಲಿ ಈ ಅಂಗಡಿ ಇದೆ. ಬೋರ್ಡಿನಲ್ಲಿ ಹೆಸರಿಲ್ಲ. ‘ಜೆರಾಕ್ಸ್, ಲ್ಯಾಮಿನೇಷನ್, ಬೈಂಡಿಂಗ್’ ಅಂತ ಬರೆದಿದೆ, ಅಷ್ಟೇ. ಇಂಥ ಅಂಗಡಿಗಳು ಮೈಸೂರಿನಲ್ಲಿ ಗಲ್ಲಿಗೆ ಎರಡು ಸಿಗುತ್ತವೆ. ಇದರ ಮುಂದೆ ಮಾತ್ರ ಒಂದು ಉದ್ದನೆ ಮರದ ಮೇಜಿದೆ. ಅದರ ಮೇಲೆ ಹೊಂಗೆ ಮರದ ನೆರಳಿದೆ. ಸಿಇಟಿ, ನೀಟ್ ಪ್ರವೇಶ ಪರೀಕ್ಷೆ ಬರೆದು ಬಂದ ಮಕ್ಕಳು ಆ ಮೇಜಿನ ಸುತ್ತ ನಿಂತು ಬಯಾಲಜಿ ಉತ್ತರ ತಾಳೆ ನೋಡುತ್ತಾರೆ. ಜಗಳ ಆಡುತ್ತಾರೆ ಅಂದರೂ ತಪ್ಪಿಲ್ಲ. ಎರಡು ವರ್ಷದಲ್ಲಿ ನಾನು ಅಲ್ಲಿಗೆ ಹತ್ತು ಹನ್ನೆರಡು ಸಲ ಹೋಗಿದ್ದೇನೆ. ಅಳುತ್ತಾ ವಾಪಸ್ ಬಂದದ್ದು ಎರಡು ಸಲ.

ನಮ್ಮೂರು ಪಾಂಡವಪುರ ತಾಲ್ಲೂಕಿನಲ್ಲಿದೆ. ಅಪ್ಪ ಕಬ್ಬು ಬೆಳೆಯುತ್ತಾರೆ. ನಾನು ಪಿಯು ಓದಿದ್ದು ಮೈಸೂರಿನಲ್ಲಿ, ಕುವೆಂಪುನಗರದ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು. 2024ರಲ್ಲಿ ಮೊದಲ ಸಲ ಪರೀಕ್ಷೆ ಬರೆದೆ. 2025ರಲ್ಲಿ ಮತ್ತೆ ಬರೆದೆ. ಮತ್ತೆ ಬರೆಯುವವರನ್ನು ಎಲ್ಲರೂ ರಿಪೀಟರ್ ಅನ್ನುತ್ತಾರೆ. ಅಪ್ಪ ಮಾತ್ರ ‘ನನ್ ಮಗ್ಳು ಈ ವರ್ಷ ಕೂಳೆ ಬೆಳೆ’ ಅಂತ ಊರೆಲ್ಲಾ ಹೇಳಿಕೊಂಡು ಬಂದರು. ಕಬ್ಬು ಕಡಿದ ಮೇಲೆ ಅದೇ ಬುಡದಿಂದ ಮತ್ತೆ ಚಿಗುರುತ್ತಲ್ಲ, ಅದೇ ಕೂಳೆ. ಬಿತ್ತನೆ ಖರ್ಚಿಲ್ಲ, ಆದರೆ ಇಳುವರಿ ಸ್ವಲ್ಪ ಕಮ್ಮಿ. ಕೊನೇ ಮಾತನ್ನು ಅಪ್ಪ ನನ್ನೆದುರು ಹೇಳಲಿಲ್ಲ.

ಅಂಗಡಿ ವಿಷಯಕ್ಕೆ ಬರುತ್ತೇನೆ.

2024ರ ಏಪ್ರಿಲ್ 18, ಗುರುವಾರ. ಸಿಇಟಿ ಮೊದಲ ದಿನ. ಬೆಳಿಗ್ಗೆ ಹತ್ತೂವರೆಗೆ ಬಯಾಲಜಿ, ಮಧ್ಯಾಹ್ನ ಮ್ಯಾಥ್ಸ್. ಬಯಾಲಜಿಗೆ 60 ಪ್ರಶ್ನೆ, 80 ನಿಮಿಷ. ನೆಗೆಟಿವ್ ಅಂಕ ಇಲ್ಲ. ಹಾಗಾಗಿ ಗೊತ್ತಿಲ್ಲದಿದ್ದರೂ ಯಾರೂ ಉತ್ತರದ ಹಾಳೆಯ ಗುಂಡು ಖಾಲಿ ಬಿಡುವುದಿಲ್ಲ. ನನಗೆ ಇಂಜಿನಿಯರಿಂಗ್ ಬೇಕಿರಲಿಲ್ಲ, ಮ್ಯಾಥ್ಸ್ ಬರೆಯಬೇಕಿರಲಿಲ್ಲ. ಹನ್ನೆರಡು ಗಂಟೆಗೆ ಹೊರಗೆ ಬಂದವಳಿಗೆ ಮಾಡಲು ಕೆಲಸವಿಲ್ಲ. ಗೆಳತಿಯೊಬ್ಬಳು ಕೈ ಹಿಡಿದು ಎಳೆದುಕೊಂಡು ಹೋದಳು.

ಹೋಗಿ ನೋಡಿದರೆ ಅಂಗಡಿ ಷಟರ್ ಮುಚ್ಚಿದೆ! ಪರೀಕ್ಷೆ ದಿನ ಕೇಂದ್ರದ ಸುತ್ತ 200 ಮೀಟರ್ ಒಳಗೆ ಜೆರಾಕ್ಸ್ ಅಂಗಡಿ ತೆರೆಯಬಾರದು ಅಂತ ಆದೇಶ ಇರುತ್ತದೆ. ಈ ಅಂಗಡಿ ಆ ಗೆರೆಯ ಒಳಗೇ ಬರುತ್ತದೆ. ಮೆಷಿನ್ ಮುಟ್ಟುವಂತಿಲ್ಲ. ಆದರೆ ಮೇಜು ಹಾಕಬಾರದು ಅಂತ ಆದೇಶದಲ್ಲಿ ಇಲ್ಲವಲ್ಲ. ಷಟರ್ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಅಂಕಲ್ ಕೂತಿದ್ದರು. ವಯಸ್ಸು ಅರವತ್ತರ ಆಸುಪಾಸು. ಕಿವಿಯಲ್ಲಿ ಪೆನ್ಸಿಲ್. ಮುಂದೆ ಹಿಂದಿನ ರಾತ್ರಿಯೇ ಜೆರಾಕ್ಸ್ ಮಾಡಿಟ್ಟ ಹಾಳೆಗಳ ಒಂದು ಕಟ್ಟು. ಅದರ ಮೇಲೆ ಗಾಳಿಗೆ ಹಾರದಂತೆ ಒಂದು ಕಲ್ಲು.

ಆ ಹಾಳೆಯೇ ಇಲ್ಲಿನ ಮುಖ್ಯ ಸರಕು. ಆಗ ಬೆಲೆ 5 ರೂಪಾಯಿ. 60 ಸಾಲು, ಪ್ರತಿ ಸಾಲಿಗೆ ಮೂರು ಖಾನೆ. ಮೊದಲನೆಯದು ‘ನನ್ನ ಉತ್ತರ’. ಎರಡನೆಯದು ‘ಬೇರೆಯವರ ಉತ್ತರ’. ಮೂರನೆಯದು ‘ಪುಟ’. ಎಲ್ಲಾ ಅಂಕಲ್ ಕೈಯಲ್ಲೇ ಸ್ಕೇಲ್ ಇಟ್ಟು ಗೆರೆ ಎಳೆದದ್ದು. ಎಡಗಡೆ ಗೆರೆ ಸ್ವಲ್ಪ ಸೊಟ್ಟ. ನಾನು ಹಾಳೆ ತಿರುಗಿಸಿ ತಿರುಗಿಸಿ ನೋಡಿದೆ.

‘ಅಂಕಲ್, ಟೋಟಲ್ ಎಲ್ಲಿ ಬರೀಬೇಕು?’

‘ನಾಳೆ ಪರೀಕ್ಷೆ ಇದ್ಯಾ?’

‘ಇದೆ. ಫಿಸಿಕ್ಸ್, ಕೆಮಿಸ್ಟ್ರಿ.’

‘ಮತ್ತೆ ಟೋಟಲ್ ಯಾಕೆ?’

ನಿಜವಾಗಲೂ ಆ ಹಾಳೆಯಲ್ಲಿ ‘ಒಟ್ಟು’ ಅನ್ನುವ ಖಾನೆಯೇ ಇಲ್ಲ. ಹಿಂದೆ ಒಬ್ಬ ಹುಡುಗ ಮೊದಲ ದಿನವೇ ಅಂಕ ಕೂಡಿಸಿ, ಮರುದಿನ ಪರೀಕ್ಷೆಗೇ ಹೋಗಲಿಲ್ಲವಂತೆ. ಆಮೇಲೆ ಆ ಖಾನೆ ತೆಗೆದುಬಿಟ್ಟರಂತೆ. ಮನೆಯಲ್ಲಿ ಚಿಕ್ಕಮ್ಮ ‘ಬರ‍್ದಿದ್ದು ಬರ‍್ದಾಯ್ತು, ತಾಳೆ ನೋಡಲೇಬೇಡ’ ಅಂತ ಕಟ್ಟುನಿಟ್ಟಾಗಿ ಹೇಳಿದ್ದರು. ಆದರೆ ನೋಡದೆ ಇರೋಕೆ ಆಗಲ್ಲ, ಅಲ್ವಾ? ಹಲ್ಲು ಕಿತ್ತ ಜಾಗಕ್ಕೆ ನಾಲಿಗೆ ಹೋದ ಹಾಗೆ ಮನಸ್ಸು ಅಲ್ಲಿಗೇ ಹೋಗುತ್ತದೆ. ಒಟ್ಟು ಇಲ್ಲದ ಹಾಳೆ ಅದಕ್ಕೊಂದು ಮಧ್ಯದ ದಾರಿ. ನೋಡಿದ ಹಾಗೂ ಆಯಿತು, ಪೂರ್ತಿ ನೋಡದ ಹಾಗೂ ಆಯಿತು.

ತಾಳೆ ನೋಡುವುದು ಹೊರಗಿನವರು ಅಂದುಕೊಂಡಷ್ಟು ಸುಲಭ ಅಲ್ಲ. ಸಿಇಟಿಯಲ್ಲಿ ವರ್ಷನ್ ಕೋಡ್ ಇರುತ್ತದೆ. ನನ್ನ ಪತ್ರಿಕೆಯ 23ನೇ ಪ್ರಶ್ನೆ ನಿಮ್ಮದರಲ್ಲಿ 51 ಆಗಿರುತ್ತದೆ. ‘23ಕ್ಕೆ ಏನ್ ಹಾಕ್ದೆ?’ ಅಂದರೆ ಉಪಯೋಗವಿಲ್ಲ. ಮೊದಲ ಸಲ ಬಂದವರು ಎಲ್ಲರೂ ಇದೇ ತಪ್ಪು ಮಾಡುತ್ತಾರೆ. ಒಬ್ಬಳು ನನ್ನೆದುರೇ ಹತ್ತು ಪ್ರಶ್ನೆಗೆ ಹತ್ತೂ ತಪ್ಪು ಅಂತ ಲೆಕ್ಕ ಹಾಕಿ ಕಣ್ಣು ತುಂಬಿಕೊಂಡಳು. ಆಮೇಲೆ ನೋಡಿದರೆ ಅವಳದು ಬೇರೆ ಕೋಡ್. ಅಂಕಲ್ ಇದಕ್ಕೆ ಸರಳ ಉಪಾಯ ಮಾಡಿದ್ದಾರೆ. ಮೇಜಿನ ನಾಲ್ಕು ಮೂಲೆಗೆ ಎ, ಬಿ, ಸಿ, ಡಿ ಅಂತ ಸೀಮೆಸುಣ್ಣದಲ್ಲಿ ಬರೆದಿದ್ದಾರೆ. ಬಂದವರು ಮೊದಲು ತಮ್ಮ ಕೋಡಿನ ಮೂಲೆಗೆ ಹೋಗಿ ನಿಲ್ಲಬೇಕು. ಅಲ್ಲಿನವರದೆಲ್ಲಾ ಮುಗಿದ ಮೇಲೆ, ಒಪ್ಪಿಗೆ ಆಗದ ಪ್ರಶ್ನೆಗಳನ್ನು ಮಾತ್ರ ನಡುವಿಗೆ ತರಬೇಕು. ಆಗ ನಂಬರ್ ಹೇಳುವಂತಿಲ್ಲ, ಪ್ರಶ್ನೆಯನ್ನೇ ಓದಬೇಕು.

ಸಿಇಟಿಯಲ್ಲಿ ಒಂದು ಅನುಕೂಲವೂ ಇದೆ. ಗುಂಡು ತುಂಬುವ ಓಎಂಆರ್ ಹಾಳೆಯ ಕೆಳಗಿನ ನಕಲು ಪ್ರತಿ ನಮಗೇ ಕೊಡುತ್ತಾರೆ. ಏನು ತುಂಬಿದ್ದೇವೆ ಅನ್ನುವುದಕ್ಕೆ ಸಾಕ್ಷಿ ಕೈಯಲ್ಲೇ ಇರುತ್ತದೆ. ನೀಟ್‌ನಲ್ಲಿ ಹಾಗಿಲ್ಲ. ಪ್ರಶ್ನೆಪತ್ರಿಕೆ ಮಾತ್ರ ಮನೆಗೆ ಬರುತ್ತದೆ. ಓಎಂಆರ್ ಅಲ್ಲೇ ಬಿಟ್ಟು ಬರಬೇಕು. ಆಗ ಮೇಜಿನ ಸುತ್ತ ಬರೀ ‘ಬಿ ಹಾಕ್ದೆ ಅನ್ಸುತ್ತೆ’, ‘ಇಲ್ಲ, ಮೊದಲು ಬಿ ಅಂದ್ಕೊಂಡು ಆಮೇಲೆ ಸಿ ತುಂಬ್ದೆ’ ಇಂಥ ಮಾತೇ. ನೆನಪು ಯಾವಾಗಲೂ ಸರಿ ಉತ್ತರದ ಕಡೆಗೇ ವಾಲುತ್ತದೆ. ಹುಷಾರಾಗಿರಿ.

ಈಗ ‘ಪುಟ’ ಖಾನೆಗೆ ಬರುತ್ತೇನೆ. ಅಂಕಲ್ ಓದಿದ್ದು ಕಾಮರ್ಸ್. ಬಯಾಲಜಿ ಅವರಿಗೆ ಒಂದಕ್ಷರ ಬರುವುದಿಲ್ಲ. ಆದರೆ ಯಾರಾದರೂ ಜೋರಾಗಿ ‘ಇದಕ್ಕೆ ಡಿ ನೇ ಉತ್ತರ’ ಅಂದರೆ ಕುರ್ಚಿಯಿಂದಲೇ ಒಂದು ಪದ ಕೇಳುತ್ತಾರೆ. ‘ಪುಟ?’

ಅಷ್ಟೇ. ನಿಮ್ಮ ಲೆಕ್ಚರರ್ ಹೇಳಿದ್ದು, ಅಣ್ಣ ಮೆಡಿಕಲ್ ಓದುತ್ತಿರುವುದು, ಯೂಟ್ಯೂಬ್‌ನಲ್ಲಿ ನೋಡಿದ್ದು, ಯಾವುದೂ ನಡೆಯುವುದಿಲ್ಲ. ಮೇಜಿನ ಕೆಳಗೆ ಒಂದು ರಟ್ಟಿನ ಡಬ್ಬದಲ್ಲಿ ಫಸ್ಟ್ ಪಿಯು, ಸೆಕೆಂಡ್ ಪಿಯು ಬಯಾಲಜಿ ಪುಸ್ತಕಗಳಿವೆ. ತೆಗೆಯಬೇಕು, ಸಾಲು ತೋರಿಸಬೇಕು, ಪುಟದ ನಂಬರ್ ಬರೆಯಬೇಕು. ತೋರಿಸಲು ಆಗದಿದ್ದರೆ ಖಾನೆ ಖಾಲಿ ಬಿಡಬೇಕು. ಮೊದಲ ದಿನ ನನಗೆ ಇದು ಸುಮ್ನೆ ಕಿರಿಕಿರಿ ಅನ್ನಿಸಿತ್ತು. ಆದರೆ ದನಿ ಜಾಸ್ತಿ ಇರುವ ಹುಡುಗರು ಬೇಗ ಸುಮ್ಮನಾಗುವುದನ್ನು ನೋಡಿ ಖುಷಿಯೂ ಆಯಿತು. ಪ್ರತಿ ಗುಂಪಿನಲ್ಲೂ ಇಂಥ ಒಬ್ಬ ಇರುತ್ತಾನೆ. ಅವನು ಹೇಳಿದ್ದೇ ಕೀ ಆನ್ಸರ್. ಅವನ ಉತ್ತರಕ್ಕೆ ನಿಮ್ಮದು ತಾಳೆಯಾಗದಿದ್ದರೆ ‘ಅಯ್ಯೋ, ಇದೂ ಗೊತ್ತಿಲ್ವಾ’ ಅನ್ನುವ ಮುಖ ಮಾಡುತ್ತಾನೆ. ಆ ದಿನ ಅಂಥವನೊಬ್ಬನಿಗೆ ನಾಲ್ಕು ಸಲ ‘ಪುಟ?’ ಬಿತ್ತು. ಐದನೇ ಸಲಕ್ಕೆ ಚುರುಮುರಿ ತಿನ್ನಲು ಹೋದ.

ಆ ಗುರುವಾರ ಒಂದು ವಿಚಿತ್ರ ನಡೆಯಿತು. ಡಬ್ಬದಲ್ಲಿರುವ ಪುಸ್ತಕಗಳು ಹಳೇ ಮಕ್ಕಳು ಬಿಟ್ಟುಹೋದವು. ಕೆಲವು ಹಳೇ ಮುದ್ರಣ, ಕೆಲವು ಹೊಸದು. ನಮ್ಮ ಪಿಯು ಪುಸ್ತಕ ಅಂದರೆ ಕೇಂದ್ರದ ಎನ್‌ಸಿಇಆರ್‌ಟಿ ಪುಸ್ತಕವೇ. ಅದರಲ್ಲಿ ಪಾಠ ಕಡಿತ ಆಗಿತ್ತು. ಫಸ್ಟ್ ಪಿಯುನಲ್ಲಿ 22 ಅಧ್ಯಾಯ ಇದ್ದದ್ದು 19 ಆಯಿತು. ಸೆಕೆಂಡ್ ಪಿಯುನಲ್ಲಿ 16 ಇದ್ದದ್ದು 13 ಆಯಿತು. ಜೀರ್ಣಕ್ರಿಯೆ ಪಾಠವೇ ಹೋಯಿತು. ಸಸ್ಯಗಳ ಖನಿಜ ಪೋಷಣೆ ಹೋಯಿತು. ಅಧ್ಯಾಯಗಳ ನಂಬರೂ ಮುಂದೆ ಬಂತು. ಒಬ್ಬ ‘13ನೇ ಚಾಪ್ಟರ್ ತೆಗಿ’ ಅಂದ. ಹಳೇ ಪುಸ್ತಕ ಹಿಡಿದವಳಿಗೆ ದ್ಯುತಿಸಂಶ್ಲೇಷಣೆ ಬಂತು. ಹೊಸದು ಹಿಡಿದವನಿಗೆ ಸಸ್ಯಗಳ ಬೆಳವಣಿಗೆ ಬಂತು. ಇಬ್ಬರೂ ಒಬ್ಬರನ್ನೊಬ್ಬರು ದಡ್ಡರು ಅಂದುಕೊಂಡು ಐದು ನಿಮಿಷ ಕಿತ್ತಾಡಿದರು.

ಆಮೇಲೆ ಒಂದು ಪ್ರಶ್ನೆಗೆ ಹಳೇ ಪುಸ್ತಕದಲ್ಲಿ ಪುಟ ಸಿಕ್ಕಿತು, ಹೊಸದರಲ್ಲಿ ಎಷ್ಟು ಹುಡುಕಿದರೂ ಸಿಗಲಿಲ್ಲ. ಇನ್ನೊಂದೂ ಹಾಗೇ. ಮತ್ತೊಂದೂ. ಎಲ್ಲರ ಹಾಳೆಯಲ್ಲೂ ಅದೇ ಪ್ರಶ್ನೆಗಳಿಗೆ ಮೂರನೇ ಖಾನೆ ಖಾಲಿ. ನಾವು ಎಣಿಸಿದೆವು, ಒಂಬತ್ತು ಇದ್ದವು. ಯಾರೋ ಮೆಲ್ಲಗೆ ‘ಇದು ಔಟ್ ಆಫ್ ಸಿಲಬಸ್ಸಾ?’ ಅಂದರು. ಒಂದೂವರೆ ಹೊತ್ತಿಗೆ ಮ್ಯಾಥ್ಸ್ ಬರೆಯುವವರು ಓಡಿಹೋದರು. ನಾವು ಉಳಿದವರು ಬಿಸಿಲಲ್ಲಿ ಆ ಒಂಬತ್ತು ಖಾಲಿ ಖಾನೆಗಳನ್ನು ನೋಡುತ್ತಾ ನಿಂತಿದ್ದೆವು. ಮುಂದೆ ಆದದ್ದು ಎಲ್ಲರಿಗೂ ಗೊತ್ತು. ನಾಲ್ಕೂ ವಿಷಯ ಸೇರಿ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಟ್ಟರು. ಅದರಲ್ಲಿ ಬಯಾಲಜಿಯವು 11. ನಾವು ಬಿಟ್ಟುಬಿಟ್ಟ ಎರಡು ಯಾಕೆ ತಪ್ಪಿದವು ಅಂತ ಆಮೇಲೆ ಗೊತ್ತಾಯಿತು. ಹಳೇ ಪುಸ್ತಕ ನೋಡಿ ‘ಸಿಕ್ತು’ ಅಂತ ಪುಟ ಬರೆದುಬಿಟ್ಟಿದ್ದೆವು. ಇದು ಅಂಗಡಿಯ ದೋಷ ಅಂತಲೇ ನಾನು ಹೇಳುತ್ತೇನೆ. ಹಳೇ ಪುಸ್ತಕದ ಬೆನ್ನಿಗೆ ಒಂದು ಕೆಂಪು ಸ್ಟಿಕ್ಕರ್ ಅಂಟಿಸಲು ಎಷ್ಟು ಹೊತ್ತು ಬೇಕು? ಮುಂದಿನ ವರ್ಷ ಹೋದಾಗ ಅಂಟಿಸಿದ್ದರು. ಆದರೆ ಅರ್ಧ ಪುಸ್ತಕಕ್ಕೆ ಮಾತ್ರ.

ಮೇ 5ರ ನೀಟ್ ಸಂಜೆ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಐದೂ ಇಪ್ಪತ್ತಕ್ಕೆ ಮುಗಿಯಿತು. ಆ ವರ್ಷ 200 ಪ್ರಶ್ನೆ ಕೊಟ್ಟು 180 ಬರೆಯಿರಿ ಅನ್ನುವ ಪದ್ಧತಿ ಇತ್ತು. ಯಾರು ಯಾವುದನ್ನು ಬಿಟ್ಟಿದ್ದಾರೆ ಅನ್ನುವುದೇ ಗೊಂದಲ. ಒಂದು ತಪ್ಪಿಗೆ ಒಂದು ಅಂಕ ಹೋಗುತ್ತದೆ, ಸರಿಯಾಗಿದ್ದರೆ ಬರಬೇಕಿದ್ದ ನಾಲ್ಕೂ ಹೋಗುತ್ತದೆ. ಅಂದರೆ ಪ್ರತಿ ಜಗಳದ ಬೆಲೆ ಐದು ಅಂಕ. ಬೀದಿದೀಪದ ಬೆಳಕಿನಲ್ಲಿ ಪುಸ್ತಕ ಕಾಣುತ್ತಿರಲಿಲ್ಲ, ಮೊಬೈಲ್ ಟಾರ್ಚ್ ಹಿಡಿದು ಹುಡುಕಿದೆವು. ಮೊದಲ ಸಲ ಅತ್ತದ್ದು ಆವತ್ತೇ. ಅಂಕಲ್ ಏನೂ ಅನ್ನಲಿಲ್ಲ, ಹಾಳೆಯ ದುಡ್ಡೂ ತೆಗೆದುಕೊಳ್ಳಲಿಲ್ಲ.

ಈಗ ಹೋಲಿಕೆಗೆ ಒಂದು ಆಪ್ ಬಗ್ಗೆ ಹೇಳಲೇಬೇಕು. ಹೆಸರು ಹೇಳುವುದಿಲ್ಲ. ಒಂದು ಕೋಚಿಂಗ್‌ನವರದು. ಪರೀಕ್ಷೆ ಮುಗಿದ ಎರಡೇ ಗಂಟೆಗೆ ಕೀ ಆನ್ಸರ್ ಉಚಿತ, ರ‍್ಯಾಂಕ್ ಎಷ್ಟು ಬರುತ್ತದೆ ಅಂತ ಊಹೆಯೂ ಉಚಿತ. ನೋಡಲು ಚೆಂದ. ಬಣ್ಣ ಬಣ್ಣದ ಚಾರ್ಟು. ಆದರೆ ಮೊದಲು ಅಪ್ಪನ ಮೊಬೈಲ್ ನಂಬರ್ ಕೇಳುತ್ತದೆ. ನಾನು ಕೊಟ್ಟೆ, ದಡ್ಡಿ. ಮೂರು ದಿನದಲ್ಲಿ ಅಪ್ಪನಿಗೆ ಹನ್ನೊಂದು ಫೋನ್ ಬಂತು. ಲಾಂಗ್ ಟರ್ಮ್ ಬ್ಯಾಚ್, ಹಾಸ್ಟೆಲ್ ಸಮೇತ, ಈಗಲೇ ಸೇರಿದರೆ ರಿಯಾಯಿತಿ. ಒಂದು ಸಲ ಅಪ್ಪ ಆಲೆಮನೆಯಲ್ಲಿ ಕೊಪ್ಪರಿಗೆ ಮುಂದೆ ನಿಂತಿದ್ದಾಗ ಫೋನ್ ಬಂತಂತೆ. ‘ಅಮ್ಮಣ್ಣೀ, ಕಬ್ಬು ಕಡಿಯಾಕೆ ಆಳಿದ್ರೆ ಕಳ್ಸು, ಸೇರುಸ್ಕತೀನಿ’ ಅಂದರಂತೆ. ಆಮೇಲೆ ಫೋನ್ ನಿಂತಿತು.

ಕೂಳೆ ವರ್ಷದಲ್ಲಿ ನಾನು ಬೇರೊಂದು ಕಡೆ ಸೇರಿದೆ. ವಾರಕ್ಕೊಂದು ಅಣಕು ಪರೀಕ್ಷೆ. ಕೀ ಆನ್ಸರ್ ಅವರ ಆಪ್‌ನಲ್ಲೇ ಬರುತ್ತಿತ್ತು. ಕೆಲವು ಭಾನುವಾರ ಪರೀಕ್ಷೆ ಮುಗಿಸಿ ನಾವು ಐದಾರು ಜನ ಅಂಗಡಿಗೆ ಹೋಗುವುದು ರೂಢಿಯಾಯಿತು. ಅಣಕು ಪರೀಕ್ಷೆ ದಿನ ಷಟರ್ ತೆರೆದಿರುತ್ತದೆ. ಫ್ಯಾನ್ ಗಾಳಿಯೂ ಸಿಗುತ್ತದೆ.

ಒಂದು ಭಾನುವಾರ ಬಂದ ಪ್ರಶ್ನೆ ಇದು: ಕಬ್ಬಿನಂಥ ಸಿ4 ಸಸ್ಯದಲ್ಲಿ ಕಾರ್ಬನ್ ಡೈಆಕ್ಸೈಡನ್ನು ಮೊದಲು ಸ್ವೀಕರಿಸುವುದು ಯಾವುದು? ನಾನು ಓಎಎ ಅನ್ನುವ ಆಮ್ಲದ ಹೆಸರು ತುಂಬಿದೆ. ಕಬ್ಬಿನ ಗದ್ದೆಯಲ್ಲಿ ಬೆಳೆದವಳು, ಓದುವ ಮೊದಲೇ ಕೈ ಓಡಿತು. ಆಪ್ ತೆಗೆದು ನೋಡಿದೆ. ಕೀನಲ್ಲೂ ಓಎಎ. ಹಸಿರು ಟಿಕ್ಕು, ನಾಲ್ಕು ಅಂಕ. ಖುಷಿಯಲ್ಲಿ ಮಾವಿನಕಾಯಿಗೆ ಉಪ್ಪುಖಾರ ಹಚ್ಚಿಕೊಂಡು ತಿನ್ನುತ್ತಿದ್ದೆ.

ಆಗ ಒಬ್ಬ ಹುಡುಗ, ಕನ್ನಡ ಮೀಡಿಯಂನಿಂದ ಬಂದವನು, ಮಾತು ತುಂಬಾ ಕಮ್ಮಿ, ‘ಅದು ಪಿಇಪಿ ಅಲ್ವಾ?’ ಅಂದ.

‘ಕೀನಲ್ಲೇ ಓಎಎ ಇದೆ ನೋಡೋ’ ಅಂತ ನಾನು ಮೊಬೈಲ್ ಅವನ ಮುಖಕ್ಕೆ ಹಿಡಿದೆ.

ಹಿಂದಿನಿಂದ ಅಂಕಲ್ ದನಿ ಬಂತು. ‘ಪುಟ?’

ಅವನು ಪುಸ್ತಕ ತೆಗೆದ. ಹೊಸದರಲ್ಲಿ 11ನೇ ಅಧ್ಯಾಯ. ಎರಡು ಸಾಲು ಬೆರಳಿಟ್ಟು ಓದಿದ. ಹಿಡಿಯುವುದು ಪಿಇಪಿ ಅನ್ನುವ ಅಣು, ಅದರಲ್ಲಿ ಮೂರು ಕಾರ್ಬನ್. ಹಿಡಿದ ಮೇಲೆ ಆಗುವುದು ಓಎಎ, ಅದರಲ್ಲಿ ನಾಲ್ಕು ಕಾರ್ಬನ್. ಅದಕ್ಕೇ ಸಿ4 ಅಂತ ಹೆಸರು. ಪ್ರಶ್ನೆ ಕೇಳಿದ್ದು ಹಿಡಿಯುವುದು ಯಾವುದು ಅಂತ. ಆಗುವುದು ಯಾವುದು ಅಂತ ಅಲ್ಲ.

ಆಪ್ ಕೊಟ್ಟ ನಾಲ್ಕು ಅಂಕವನ್ನು ಆ ಮೇಜು ಕಿತ್ತುಕೊಂಡಿತು, ಮೇಲೊಂದು ನೆಗೆಟಿವ್ ಬೇರೆ. ನಾನು ಕೋಚಿಂಗ್‌ಗೆ ಮೆಸೇಜ್ ಹಾಕಿದೆ, ಪುಟದ ಫೋಟೋ ಸಮೇತ. ಉತ್ತರ ಬರಲಿಲ್ಲ. ಕೀ ಹಾಗೇ ಉಳಿಯಿತು. ನನ್ನ ಅಂಕಪಟ್ಟಿಯಲ್ಲಿ ಆ ನಾಲ್ಕು ಅಂಕ ಇಂದಿಗೂ ಇದೆ, ಸುಳ್ಳು ಅಂಕ. ಆದರೆ ಪಿಇಪಿ, ಓಎಎ ನಾನು ಇನ್ನು ಈ ಜನ್ಮದಲ್ಲಿ ಮರೆಯುವುದಿಲ್ಲ. ಟಿಕ್ಕು ಬಿದ್ದ ಉತ್ತರ ಯಾವುದೂ ನನಗೆ ನೆನಪಿಲ್ಲ. ಜಗಳ ಬಿದ್ದದ್ದು ಒಂದೂ ಮರೆತಿಲ್ಲ.

ಆ ಕನ್ನಡ ಮೀಡಿಯಂ ಹುಡುಗನ ಬಗ್ಗೆ ಇನ್ನೊಂದು ಮಾತು. ಮೊದಮೊದಲು ಅವನು ಮೇಜಿನ ತುದಿಯಲ್ಲಿ ನಿಲ್ಲುತ್ತಿದ್ದ. ನಾವು ‘ಸ್ಟೊಮ್ಯಾಟಾ’ ಅಂದರೆ ಅವನು ಒಂದು ಕ್ಷಣ ತಡೆದು ‘ಓ, ಪತ್ರರಂಧ್ರ’ ಅನ್ನುತ್ತಿದ್ದ. ಪ್ಯಾಂಕ್ರಿಯಾಸ್ ಅಂದರೆ ಮೇದೋಜೀರಕ. ಅವನಿಗೆ ಪ್ರತಿ ಪ್ರಶ್ನೆಯೂ ಎರಡು ಸಲ ಪರೀಕ್ಷೆ. ನೀಟ್ ಕನ್ನಡದಲ್ಲೂ ಬರೆಯಬಹುದು, 2017ರಿಂದ ಇದೆ. ಆದರೆ ಅನುವಾದದಲ್ಲಿ ಗೊಂದಲವಾದರೆ ಇಂಗ್ಲಿಷ್ ಪ್ರಶ್ನೆಯೇ ಕೊನೆಯದು ಅಂತ ನಿಯಮ. ಅಂಕಲ್ ಡಬ್ಬದಲ್ಲಿ ಕನ್ನಡದ್ದು ಒಂದೂ ಪುಸ್ತಕ ಇರಲಿಲ್ಲ. ಇದು ಈ ಅಂಗಡಿಯ ದೊಡ್ಡ ಕೊರತೆ. ಕೇಳಿದರೆ ‘ಯಾರೂ ಬಿಟ್ಟು ಹೋಗಿಲ್ಲವಲ್ಲಮ್ಮ’ ಅಂದರು. ಕೊನೆಗೆ ಆ ಹುಡುಗನೇ ತನ್ನದನ್ನು ಬಿಟ್ಟು ಹೋದ.

ಅಂಕಲ್‌ಗೆ ಬಯಾಲಜಿ ಮೇಲೆ ಆಸಕ್ತಿ ಬಂದದ್ದು ಒಂದೇ ಒಂದು ಸಲ. ಜೇನುನೊಣದ ಪ್ರಶ್ನೆ ಇತ್ತು. ಹೆಣ್ಣು ಜೇನಿಗೆ 32 ಕ್ರೋಮೋಸೋಮ್, ಗಂಡಿಗೆ 16. ಫಲವಾಗದ ಮೊಟ್ಟೆಯಿಂದಲೇ ಗಂಡು ಹುಟ್ಟುತ್ತದೆ. ಹಾಗಾಗಿ ಗಂಡು ಜೇನಿಗೆ ಅಪ್ಪ ಇಲ್ಲ, ಆದರೆ ತಾತ ಇದ್ದಾನೆ. ಗಂಡುಮಗ ಹುಟ್ಟುವುದಿಲ್ಲ, ಮೊಮ್ಮಗ ಹುಟ್ಟಬಹುದು. ಇದನ್ನು ಕೇಳಿ ಅಂಕಲ್ ಪೆನ್ಸಿಲ್ ಕಿವಿಯಿಂದ ತೆಗೆದು ಕೆಳಗಿಟ್ಟರು.

‘ಅಪ್ಪ ಇಲ್ದೆ ತಾತ ಎಲ್ಲಿಂದ ಬಂದ?’

‘ಅಮ್ಮನ ಅಪ್ಪ, ಅಂಕಲ್.’

ಎರಡು ನಿಮಿಷ ಸುಮ್ಮನೆ ಕೂತರು. ಆಮೇಲೆ ಆಧಾರ್ ಜೆರಾಕ್ಸ್‌ಗೆ ಬಂದವರಿಗೆಲ್ಲಾ ಆ ಕಥೆ ಹೇಳಿದರು. ಒಬ್ಬ ಹೆಂಗಸು ನಂಬಲಿಲ್ಲ. ನಾವೆಲ್ಲಾ ಒಟ್ಟಿಗೆ ‘ಪುಟ ಇದೆ ಆಂಟಿ!’ ಅಂತ ಕೂಗಿದೆವು.

ನಾನೂ ಮನೆಯಲ್ಲಿ ಇದೇ ಚಾಳಿ ಶುರು ಮಾಡಿದೆ. ಕಬ್ಬಿಗೆ ಜಿಬ್ಬರೆಲಿನ್ ಅನ್ನುವ ಸಸ್ಯ ಹಾರ್ಮೋನ್ ಸಿಂಪಡಿಸಿದರೆ ಕಾಂಡ ಉದ್ದವಾಗಿ ಎಕರೆಗೆ 20 ಟನ್‌ವರೆಗೆ ಇಳುವರಿ ಜಾಸ್ತಿ ಆಗುತ್ತದೆ ಅಂತ ನಮ್ಮ ಪುಸ್ತಕದಲ್ಲಿದೆ. ಅಪ್ಪನಿಗೆ ಓದಿ ಹೇಳಿದೆ. ‘ಇಪ್ಪತ್ತಾ? ನಂಗೆ ಎಕರೆಗೆ ನಲವತ್ತು ಬಂದ್ರೆ ಹಬ್ಬ ಮಾಡ್ತೀನಿ. ಯಾವನ್ ಬರ‍್ದಿದ್ದು ಅದು?’ ಅಂದರು. ಪುಟ ತೋರಿಸಿದೆ. ಅಪ್ಪ ಪುಸ್ತಕ ಮುಚ್ಚಿ, ಹೊರಗೆ ಕರೆದುಕೊಂಡು ಹೋಗಿ ಗದ್ದೆ ತೋರಿಸಿದರು. 62175 ತಳಿಯ ಕಬ್ಬು, ನೀರಿಲ್ಲದೆ ಗರಿ ಒಣಗಿ ನಿಂತಿತ್ತು. ಹಿಂದಿನ ವರ್ಷದ ಮಳೆ ಕೈಕೊಟ್ಟು ನಾಲೆ ಬತ್ತಿದ ಬೇಸಿಗೆ ಅದು. ‘ಇದು ನನ್ ಪುಟ’ ಅಂದರು. ಅದಕ್ಕೆ ನಾನು ಏನೂ ಹೇಳಲಿಲ್ಲ.

2025ರ ಮೇ 4, ಮತ್ತೆ ಭಾನುವಾರ, ಮತ್ತೆ ನೀಟ್. ಈ ಸಲ 180 ಪ್ರಶ್ನೆ, 180 ನಿಮಿಷ, ಆಯ್ಕೆ ಇಲ್ಲ. ಬಯಾಲಜಿ 90. ಹಾಳೆಯನ್ನು ಅಂಕಲ್ 90 ಸಾಲಿಗೆ ಬದಲಾಯಿಸಿದ್ದರು, ಆದರೆ ಬೆಲೆ 10 ರೂಪಾಯಿ ಮಾಡಿದ್ದರು. ಸಾಲು ಒಂದೂವರೆ ಪಟ್ಟು, ಬೆಲೆ ಎರಡು ಪಟ್ಟು! ಕಾಮರ್ಸ್ ಓದಿದವರು, ಅಲ್ವಾ? ಕೇಳಿದೆ. ‘ಪೇಪರ್ ರೇಟ್ ಜಾಸ್ತಿ ಆಗಿದೆ’ ಅಂದರು. ನಾನು ‘ಪುಟ?’ ಅಂದೆ. ನಕ್ಕು ಎರಡು ರೂಪಾಯಿ ವಾಪಸ್ ಕೊಟ್ಟರು.

ಅಧಿಕೃತ ಕೀ ಬಂದ ಮೇಲೆ ಅಂಗಡಿಗೆ ಇನ್ನೊಂದು ಸುತ್ತು ಜನ ಬರುತ್ತಾರೆ. ನೀಟ್ ಕೀಗೆ ಆಕ್ಷೇಪಣೆ ಹಾಕಲು ಒಂದು ಪ್ರಶ್ನೆಗೆ 200 ರೂಪಾಯಿ ಕಟ್ಟಬೇಕು, ಅದು ವಾಪಸ್ ಬರುವುದಿಲ್ಲ. ಬೇಜಾರಿನಲ್ಲಿರುವ ಮಕ್ಕಳು ಐದಾರು ಪ್ರಶ್ನೆಗೆ ಹಾಕಿಬಿಡುತ್ತಾರೆ. ಒಬ್ಬಳು ಮೂರು ಪ್ರಶ್ನೆಗೆ ಹಾಕುತ್ತೇನೆ ಅಂತ 600 ರೂಪಾಯಿ ಹಿಡಿದುಕೊಂಡು ಬಂದಿದ್ದಳು. ಅಂಕಲ್ ಅವಳನ್ನು ಕೂರಿಸಿ ಪುಸ್ತಕ ತೆಗೆಸಿದರು. ಎರಡಕ್ಕೆ ಪುಟ ಸಿಕ್ಕಿತು, ಅದು ಅವಳ ವಿರುದ್ಧವಾಗಿಯೇ ಇತ್ತು. 400 ರೂಪಾಯಿ ಉಳಿಯಿತು. ಮೂರನೆಯದಕ್ಕೆ ಹಾಕಿದಳು.

ನನಗೆ ಮೆಡಿಕಲ್ ಸೀಟು ಬರಲಿಲ್ಲ. ಎರಡನೇ ಸಲ ಅತ್ತದ್ದು ಆಗಲೇ. ಆದರೆ ಸಿಇಟಿಯಲ್ಲಿ ರೈತರ ಕೋಟಾದಲ್ಲಿ ಬಿಎಸ್ಸಿ ಅಗ್ರಿ ಸಿಕ್ಕಿತು, ಮಂಡ್ಯದ ವಿ.ಸಿ. ಫಾರಂನ ಕೃಷಿ ಕಾಲೇಜಿನಲ್ಲಿ. ಮನೆಯಿಂದ ದೂರ ಇಲ್ಲ. ಈಗ ದಿನಾ ಕಬ್ಬು ನೋಡುತ್ತೇನೆ, ಈ ಸಲ ಅಂಕಕ್ಕಾಗಿ. ಅಪ್ಪನ ಕೂಳೆ ಮಾತು ಊರಲ್ಲಿ ಇನ್ನೂ ನಿಂತಿಲ್ಲ.

ಹೋಗುವವರಿಗೆ ಕೆಲವು ಮಾತು. ಜೆರಾಕ್ಸ್ ಪುಟಕ್ಕೆ 2 ರೂಪಾಯಿ. ಅಕ್ಷರ ಚೆನ್ನಾಗಿ ಬರುತ್ತದೆ, ಚಿತ್ರಗಳು ಮಾತ್ರ ಮಸಿ. ಹೃದಯದ ಚಿತ್ರ ಜೆರಾಕ್ಸ್ ಮಾಡಿಸಿದರೆ ಸುಟ್ಟ ಬದನೆಕಾಯಿ ಹಾಗೆ ಬರುತ್ತದೆ. ಬಯಾಲಜಿಗೆ ಇದು ಸಣ್ಣ ತೊಂದರೆ ಅಲ್ಲ. ಕುರ್ಚಿ ಎರಡೇ, ನಿಂತೇ ನೋಡಬೇಕು. ಗಾಡಿ ನಿಲ್ಲಿಸಲು ಜಾಗವಿಲ್ಲ, ಪೋಷಕರು ರಸ್ತೆಯಲ್ಲೇ ನಿಲ್ಲಿಸಿ ಹಾರ್ನ್ ಹೊಡೆಯುತ್ತಾರೆ. ಕುಡಿಯುವ ನೀರು ಇದೆ, ಲೋಟ ಒಂದೇ. ಪಕ್ಕದ ಗಾಡಿಯ ಚುರುಮುರಿ ಚೆನ್ನಾಗಿದೆ, ಖಾರ ಕಮ್ಮಿ ಹಾಕಿ ಅಂತ ಹೇಳಬೇಕು. ಕಣ್ಣಲ್ಲಿ ನೀರು ಬಂದರೆ ಖಾರದ್ದೋ ಉತ್ತರದ್ದೋ ಯಾರೂ ಕೇಳುವುದಿಲ್ಲ, ಅದೊಂದು ಅನುಕೂಲ. ರಾತ್ರಿ ಎಂಟಕ್ಕೆ ಷಟರ್ ಎಳೆಯುತ್ತಾರೆ. ಜಗಳ ಮುಗಿದಿರಲಿ ಬಿಡಲಿ, ಮೇಜು ಒಳಗೆ ಹೋಗುತ್ತದೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಪೆನ್ಸಿಲ್ ನೀವೇ ತೆಗೆದುಕೊಂಡು ಹೋಗಿ. ಅಲ್ಲಿರುವ ಎರಡಕ್ಕೂ ರಬ್ಬರ್ ಇಲ್ಲ.